ಮರುಮುದ್ರಣದ ಮರ್ಯಾದೆ

ಮಹಾನಗರದ ಬಾಳನ್ನು ಕುರಿತ ವಾಸ್ತವವಾದಿ ಕಾದಂಬರಿಗಳಲ್ಲಿ ಅನೇಕವು ನಗರದೊಳಗೆ ಆರಂಭವಾಗುವುದಿಲ್ಲ. ಹುಟ್ಟಿದ ಊರನ್ನು ಬಿಟ್ಟು ನಗರಕ್ಕೆ ಹೊರಟವರ ಪ್ರಯಾಣದಲ್ಲಿ ಆರಂಭವಾಗುತ್ತವೆ. ಅಮೆರಿಕದ ಥಿಯೊಡರ್ ಡ್ರೈಸರನ 'ಸಿಸ್ಟರ್ ಕ್ಯಾರಿ'ಯ ನಾಯಿಕೆ ಹದಿನೆಂಟರ ಹರೆಯದಲ್ಲಿ, 1889ರ ಆಗಸ್ಟ್ ತಿಂಗಳ ಒಂದು ದಿನ, ಪುಟ್ಟದೊಂದು ಪೆಟ್ಟಿಗೆಯೊಡನೆ ಷಿಕಾಗೋ ನಗರದ ರೈಲನ್ನು ಹತ್ತುವಳು. ಕೊಡಿಕೊಂಡದ ಚೆಕ್‌ಪೋಸ್ಟಿನ ಬಳಿ ಬೆಂಗಳೂರಿನ ಬಸ್ಸಿಗಾಗಿ ಕಾದು ನಿಲ್ಲುವ ಚಿಲಮತ್ತೂರು, ಲೇಪಾಕ್ಷಿ, ಹಿಂದೂಪುರದ ಕಡೆಯ ಯುವಕಯುವತಿಯರನ್ನು ನಿತ್ಯವೂ ಕಾಣುವ ನನಗೆ ಆ ಕಾದಂಬರಿಯ ಮೊದಲ ಪುಟಗಳು ಪರದೇಶದವೆಂದು ಎಂದೂ ತೋರಿದ್ದಿಲ್ಲ.

ಆ ಗ್ರಂಥದ ಪ್ರಕಟಣೆಯ ಚರಿತ್ರೆಯಾದರೋ ಗ್ರಂಥದಷ್ಟೇ ಮನನೀಯವಾದುದು. 1900ರಲ್ಲಿ ನ್ಯೂಯಾರ್ಕಿನ ಡಬಲ್‌ಡೇ ಸಂಸ್ಥೆಯವರು, ತಮ್ಮ ಹಸ್ತಪ್ರತಿ ಪರೀಕ್ಷಕನೂ ಸ್ವತಃ ಕಾದಂಬರಿಕಾರನೂ ಆಗಿದ್ದ ಫ್ರ್ಯಾಂಕ್ ನಾರಿಸನ ಉತ್ಸಾಹದ ಶಿಫಾರಸಿನಿಂದ ಅದನ್ನು ಒಪ್ಪಿಕೊಂಡು, ವಿವಾಹವಿಲ್ಲದೆ ಪುರುಷನೊಡನೆ ಬಾಳಿದ ಹೆಣ್ಣಿಗೆ ಲೇಖಕನು ಯಾವ ಶಿಕ್ಷೆಯನ್ನೂ ವಿಧಿಸದಿದ್ದುದನ್ನು ಕಂಡು ಹಿಂಜರಿದು, ಕರಾರಿನಿಂದ ತಪ್ಪಿಸಿಕೊಳ್ಳಲಾರದೆ ಸುಮಾರು ಒಂದು ಸಾವಿರ ಪ್ರತಿಗಳನ್ನು ಅಚ್ಚುಹಾಕಿ, ಪ್ರಚಾರದ ಗೋಜಿಗೆ ಹೋಗದೆ ಸುಮ್ಮನಾದರು. ಮಾರಾಟವಾದ ಪ್ರತಿಗಳು ಐದುನೂರನ್ನೂ ಮುಟ್ಟಲಿಲ್ಲ. 1907ರಲ್ಲಿ ಮತ್ತೊಬ್ಬ ಪ್ರಕಾಶಕರು ಅದನ್ನು ಮರುಮುದ್ರಿಸಿದ ಮೇಲೆಯೇ ಅಮೆರಿಕದ ಓದುಗರಿಗೆ ತಮ್ಮ ನಡುವೆ ಎಂತಹ ಲೇಖಕನಿರುವನೆಂಬುದು ತಿಳಿದುದು. ಅಷ್ಟಕ್ಕೇ ಕಥೆ ಮುಗಿಯಲಿಲ್ಲ. ಪ್ರಕಟಣೆಗೆ ಮೊದಲು ಡ್ರೈಸರನ ಪತ್ನಿಯೂ ಅವನ ಗೆಳೆಯ ಆರ್ಥರ್ ಹೆನ್ರಿಯೂ ಹಸ್ತಪ್ರತಿಯನ್ನು ತಿದ್ದಿ ಸಾವಿರಾರು ಪದಗಳನ್ನು ಕತ್ತರಿಸಿದ್ದರು; ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮುದ್ರಣಾಲಯವು 1981ರಲ್ಲಿ ಆ ಭಾಗಗಳನ್ನು ಮತ್ತೆ ಸೇರಿಸಿ, ಹಸ್ತಪ್ರತಿಯನ್ನೇ ಆಧಾರವಾಗಿಟ್ಟುಕೊಂಡ ನೂತನ ಆವೃತ್ತಿಯನ್ನು ಹೊರತಂದಿತು. ಹೀಗೆ ಒಂದೇ ಹೆಸರಿನ ಎರಡು ಕಾದಂಬರಿಗಳು ಇಂದು ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿ ದೊರೆಯುತ್ತವೆ.

ಇವೆರಡರಲ್ಲಿ ಯಾವುದು ಪ್ರಮಾಣವೆಂದು ನನ್ನನ್ನು ಕೇಳಿದರೆ, ಲೇಖಕನು ತನ್ನ ಜೀವಿತಕಾಲದಲ್ಲಿ ಒಪ್ಪಿ ಲೋಕಕ್ಕೆ ಒಪ್ಪಿಸಿದ ಪಾಠವೇ ಪ್ರಮಾಣವೆಂದು ಹೇಳುವೆನು. ತಿದ್ದುಪಡಿಗಳನ್ನು ಡ್ರೈಸರನು ತಿಳಿದೇ ಸ್ವೀಕರಿಸಿದನು, ಆಮೇಲೆ ದಶಕಗಳ ಕಾಲ ಆ ಪಾಠವೇ ಮರುಮುದ್ರಣಗೊಳ್ಳುತ್ತ ಬಂದಿತು; ಪೀಳಿಗೆಗಳು ಓದಿ ಕಣ್ಣೀರಿಟ್ಟುದು ಅದನ್ನೇ. ಆದರೂ 1981ರ ಆವೃತ್ತಿಯ ಸಂಪಾದಕರಿಗೆ ನಾನು ಕೈಮುಗಿಯುವೆನು. ಏಕೆಂದರೆ ಯಾವ ವಾಕ್ಯ ಎಲ್ಲಿಂದ ಬಂದಿತು, ಯಾರ ಕೈಯಿಂದ ಹೋಯಿತು ಎಂಬುದನ್ನು ಅವರು ಮುಚ್ಚಿಡಲಿಲ್ಲ. ಮರುಮುದ್ರಣದ ಮರ್ಯಾದೆಯೆಂದರೆ ನನ್ನ ಮಟ್ಟಿಗೆ ಇದೇ.

ಅಗ್ಗದ ಪುಸ್ತಕವೊಂದು ಮಾಡಬಲ್ಲ ಉಪಕಾರಕ್ಕೂ ಅದೇ ದೇಶದಲ್ಲಿ ನಿದರ್ಶನವಿದೆ. ನ್ಯೂಯಾರ್ಕಿನ ಬಡ ವಲಸಿಗರ ಕೇರಿಯಲ್ಲಿ ಬೆಳೆಯುವ ಯಹೂದಿ ಬಾಲಕನ ಕಥೆಯಾದ ಹೆನ್ರಿ ರಾತ್‌ನ 'ಕಾಲ್ ಇಟ್ ಸ್ಲೀಪ್' 1934ರಲ್ಲಿ ಬಂದು, ಕೆಲವರ ಮೆಚ್ಚುಗೆ ಗಳಿಸಿ, ಬಹುಬೇಗನೆ ಅಲಭ್ಯವಾಗಿ, ಮೂವತ್ತು ವರ್ಷಗಳ ಮೇಲೆ 1964ರಲ್ಲಿ ಕಾಗದದ ರಟ್ಟಿನ ಸುಲಭಬೆಲೆಯ ಪುಸ್ತಕವಾಗಿ ಬಂದಾಗ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಪುಸ್ತಕದಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾಗಿದ್ದುದು ಅದರ ಬೆಲೆ, ಮತ್ತು ಅದನ್ನು ಕುರಿತು ಮನಸ್ಸಿಟ್ಟು ಬರೆದ ಇರ್ವಿಂಗ್ ಹೋ ಎಂಬ ವಿಮರ್ಶಕನೊಬ್ಬನ ಮಾತಿಗೆ ಪ್ರಮುಖ ಪತ್ರಿಕೆಯೊಂದು ಮೊದಲ ಪುಟದಲ್ಲಿ ಕೊಟ್ಟ ಜಾಗ.

ಇನ್ನು ನಮ್ಮ ಮನೆಯ ಕಡೆ ತಿರುಗೋಣ. ಕನ್ನಡದಲ್ಲಿ ನಗರದ ಕಾದಂಬರಿಗೆ ಬಡತನವಿಲ್ಲ. ಬೆಂಗಳೂರಿನ ಬಾಡಿಗೆಯ ಕೋಣೆಗಳ ಸಂಸಾರಗಳನ್ನು ಒಂದೇ ಸೂರಿನ ಕೆಳಗೆ ತಂದು ನಿಲ್ಲಿಸಿದ ನಿರಂಜನರ 'ರಂಗಮ್ಮನ ವಠಾರ', ಮುಂಬಯಿಯ ಕನ್ನಡಿಗರ ಬಾಳಿಗೆ ದನಿಗೊಟ್ಟ ವ್ಯಾಸರಾಯ ಬಲ್ಲಾಳರ ಕೃತಿಗಳು, ಹನೇಹಳ್ಳಿಯಲ್ಲಿ ಹುಟ್ಟಿ ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ಬಾಳು ಕಳೆದ ಯಶವಂತ ಚಿತ್ತಾಲರು 1979ರಲ್ಲಿ ಕೊಟ್ಟ 'ಶಿಕಾರಿ' — ಇವುಗಳ ಮುಂದೆ ಡ್ರೈಸರನ ಷಿಕಾಗೋ ನಮಗೆ ಅಪರಿಚಿತವೆನಿಸದು. ಅದರಲ್ಲಿಯೂ 'ಶಿಕಾರಿ'ಯ ನಾಗಪ್ಪನು ಕಂಪನಿಯ ಉನ್ನತ ಹುದ್ದೆಯಿಂದ ಹಠಾತ್ತನೆ ಅಮಾನತುಗೊಂಡು, ತನ್ನ ಮೇಲಿನ ಆರೋಪವಾವುದೆಂದೂ ಸ್ಪಷ್ಟವಾಗದೆ, ಬೇಟೆಯ ಪ್ರಾಣಿಯಂತೆ ಆ ಮಹಾನಗರದಲ್ಲಿ ಸುತ್ತುವ ದಿನಗಳನ್ನು ಓದಿದವನು, ಉದ್ಯೋಗಕ್ಕಾಗಿ ನಗರ ಸೇರಿದ ಯಾವ ಬಂಧುವನ್ನೂ ಆಮೇಲೆ ಮೊದಲಿನ ಕಣ್ಣಿನಿಂದ ನೋಡಲಾರನು.

ಇಂತಹ ಕೃತಿಗಳಿಗೆ ಮರುಮುದ್ರಣವೇ ಇಲ್ಲವೆಂದು ನಾನು ದೂರುವುದಿಲ್ಲ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ನಿಷ್ಠೆಯನ್ನು ಕನ್ನಡಿಗರು ಮರೆಯಲಾಗದು. ಸಮಗ್ರ ಸಾಹಿತ್ಯದ ಸಂಪುಟಗಳನ್ನು ಎಟಕುವ ಬೆಲೆಗೆ ಕೊಟ್ಟ ಕನ್ನಡ ಪುಸ್ತಕ ಪ್ರಾಧಿಕಾರದ ಸೇವೆಯೂ ಸಣ್ಣದಲ್ಲ. ನನ್ನ ಅತೃಪ್ತಿ ಬೇರೆಯದು. ಹೊಸ ರಕ್ಷಾಪುಟ ಹೊದ್ದು ಬರುವ ಎಷ್ಟೋ ಹಳೆಯ ಕಾದಂಬರಿಗಳಲ್ಲಿ ಇದು ಯಾವ ಮುದ್ರಣವನ್ನು ಅನುಸರಿಸಿದೆ, ನಡುವೆ ಲೇಖಕರು ತಾವೇ ತಿದ್ದಿದ್ದುಂಟೆ, ಮೊದಲು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದುದೆ ಎಂಬ ಒಂದು ಸಾಲಿನ ಸೂಚನೆಯೂ ಕಾಣದು. ಹಳೆಯ ಪ್ರತಿಯನ್ನು ಎದುರಿಗಿಟ್ಟು ಓದಿದರೆ ಅಲ್ಲೊಂದು ವಾಕ್ಯ ಜಾರಿರುವುದು, ಇಲ್ಲೊಂದು ಆಡುಮಾತು ಗ್ರಾಂಥಿಕವಾಗಿ 'ಸರಿಪಡಿಸ'ಲ್ಪಟ್ಟಿರುವುದು ಕಣ್ಣಿಗೆ ಬೀಳುತ್ತದೆ. ವಠಾರದ ಹೆಂಗಸಿನ ಬಾಯಿಯ ಮಾತನ್ನು ತಿದ್ದುವುದೆಂದರೆ ವಠಾರದ ಗೋಡೆಯನ್ನೇ ಕೆಡವಿದಂತೆ.

ಈ ವಿದ್ಯೆ ನಮಗೆ ಹೊಸದಾಗಿದ್ದರೆ ಕ್ಷಮೆಯುಂಟು. ಆದರೆ ಓಲೆಗರಿಯ ಪ್ರತಿಗಳ ಪಾಠಾಂತರಗಳನ್ನು ತೂಗಿ ನೋಡಿ 1949ರಲ್ಲಿ 'ವಡ್ಡಾರಾಧನೆ'ಯನ್ನು ಸಂಪಾದಿಸಿದ ಡಿ.ಎಲ್. ನರಸಿಂಹಾಚಾರ್ಯರು ಹುಟ್ಟಿದ ಭಾಷೆ ಇದು. ಗ್ರಂಥಸಂಪಾದನೆಯ ಶಾಸ್ತ್ರವನ್ನು ಅವರು ದೊಡ್ಡ ಪುಸ್ತಕವಾಗಿಯೇ ಬರೆದುಕೊಟ್ಟಿರುವರು. ಇಲ್ಲಿಗೆ ಸಮೀಪದ ಲೇಪಾಕ್ಷಿಯ ದೇವಾಲಯದಲ್ಲಿ ವಿಜಯನಗರದ ಕಾಲದ ಕನ್ನಡ ಶಾಸನಗಳಿವೆ. ಅಂತಹ ಬರಹಗಳನ್ನು ಅಚ್ಚಿಗೆ ತರುವ ವಿದ್ವಾಂಸನು ಸವೆದ ಅಕ್ಷರವನ್ನು ಆವರಣದೊಳಗಿಟ್ಟು, ತಾನು ಊಹಿಸಿದುದು ಇಷ್ಟು, ಕಲ್ಲಿನಲ್ಲಿರುವುದು ಇಷ್ಟು ಎಂದು ಓದುಗನಿಗೆ ಬಿಚ್ಚಿ ತೋರಿಸುವನು. ಪಂಪನ ಕಾವ್ಯಕ್ಕೂ ದಾನಶಾಸನಕ್ಕೂ ಸಲ್ಲುವ ಈ ಪ್ರಾಮಾಣಿಕತೆ 1950ರ ಕಾದಂಬರಿಗೇಕೆ ಸಲ್ಲಬಾರದು? ಹಳೆಯದಾಗುವುದಕ್ಕೆ ಸಾವಿರ ವರ್ಷ ಬೇಕಿಲ್ಲ. ಮುಂಬಯಿಯ ಬಟ್ಟೆಗಿರಣಿಗಳು 1982ರ ಮುಷ್ಕರದ ತರುವಾಯ ಒಂದೊಂದಾಗಿ ನಿಂತು, ಅವುಗಳ ನೆಲದ ಮೇಲೆ ಗಗನಚುಂಬಿಗಳು ಎದ್ದಿವೆ. ಚಾಳಿನ ಬದುಕೆಂದರೇನೆಂದು ಇಂದಿನ ಇಪ್ಪತ್ತರ ಓದುಗನಿಗೆ ಕೊನೆಯಲ್ಲೊಂದು ಟಿಪ್ಪಣಿ ಬೇಕಾಗಿಯೇ ಇದೆ.

ಹಕ್ಕಿನ ಕಾನೂನೂ ಈ ಎಚ್ಚರವನ್ನು ಬೇಡುತ್ತಿದೆ. ನಮ್ಮ ದೇಶದಲ್ಲಿ ಲೇಖಕನ ಮರಣಾನಂತರ, ಮರುವರ್ಷದ ಆರಂಭದಿಂದ ಅರವತ್ತು ವರ್ಷಗಳವರೆಗೆ ಗ್ರಂಥಸ್ವಾಮ್ಯ ಉಳಿಯುವುದು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರಿಂದ ಸರ್ವರ ಸೊತ್ತಾಗಿವೆ. ಯಾರು ಬೇಕಾದರೂ, ಹೇಗೆ ಬೇಕಾದರೂ ಅಚ್ಚುಹಾಕಬಹುದು. 1971ರಲ್ಲಿ ಅಗಲಿದ ಅ.ನ. ಕೃಷ್ಣರಾಯರ ಸರದಿ 2032ಕ್ಕೆ ಬರಲಿದೆ. ವೇಶ್ಯಾಜೀವನವನ್ನು ವಸ್ತುವಾಗಿಸಿಕೊಂಡ ಅವರ 'ನಗ್ನಸತ್ಯ', 'ಶನಿಸಂತಾನ', 'ಸಂಜೆಗತ್ತಲು' ಕಾದಂಬರಿಗಳು ಅಶ್ಲೀಲವೆಂಬ ಕೂಗನ್ನೆಬ್ಬಿಸಿದಾಗ, ಅನಕೃ ಅವರು ಹಿಂದೆ ಸರಿಯದೆ 'ಸಾಹಿತ್ಯ ಮತ್ತು ಕಾಮಪ್ರಚೋದನೆ' ಎಂಬ ಗ್ರಂಥವನ್ನೇ ಬರೆದು ತಮ್ಮ ಪಕ್ಷವನ್ನು ಮಂಡಿಸಿದರು. ಡ್ರೈಸರನ ಪ್ರಕಾಶಕರು ಬೆದರಿದ ವಿಷಯವೇ ಇಲ್ಲಿಯೂ ಇದ್ದಿತು. ಆದರೆ ಇಲ್ಲಿ ಲೇಖಕನು ವಾದಕ್ಕೆ ನಿಂತನು. ಆ ಮೂರು ಕಾದಂಬರಿಗಳನ್ನೂ, ಅನುಬಂಧವಾಗಿ ಆ ಸಮರ್ಥನೆಯನ್ನೂ, ಅಂದಿನ ಪತ್ರಿಕೆಗಳ ಪರವಿರೋಧದ ಲೇಖನಗಳನ್ನೂ ಒಂದೇ ಸಂಪುಟದಲ್ಲಿ, ಮೊದಲ ಮುದ್ರಣಕ್ಕೆ ಒಪ್ಪಿಸಿ ನೋಡಿ, ಹಕ್ಕುದಾರರ ಸಮ್ಮತಿಯಿಂದ ಈಗಲೇ ಹೊರತರುವ ಪ್ರಕಾಶಕರು ದೊರೆತರೆ, ಅದು ಕಳೆದ ಶತಮಾನದ ಕನ್ನಡ ನಗರಜೀವನದ ಅತ್ಯುತ್ತಮ ದಾಖಲೆಗಳಲ್ಲಿ ಒಂದಾಗುವುದರಲ್ಲಿ ನನಗೆ ಸಂಶಯವಿಲ್ಲ.

ಅದಕ್ಕೆ ಬೇಕಾದ ಮೊದಲ ಮುದ್ರಣಗಳು ಎಲ್ಲಿವೆಯೆಂಬುದೇ ತೊಡಕು. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಸೇರಿ, ಅನಂತಪುರ ಜಿಲ್ಲೆ ಈಚೆಗುಳಿಯಿತಷ್ಟೆ. ಆ ಕಾಲದಲ್ಲಿ ಕನ್ನಡ ಓದಿದ ಹಿರಿಯರ ಮನೆಗಳು ಮಡಕಶಿರ, ರೊಳ್ಳ, ಅಮರಾಪುರ, ಹಿಂದೂಪುರಗಳಲ್ಲಿ ಇನ್ನೂ ಇವೆ, ಅಟ್ಟದ ಮೇಲೆ ಅವರ ಪುಸ್ತಕಗಳ ಗಂಟುಗಳೂ ಇರಬಹುದು. ರದ್ದಿಯವನಿಗೆ ತೂಕಕ್ಕೆ ಹಾಕುವ ಮೊದಲು ಶೀರ್ಷಿಕೆಪುಟದ ಹಿಂಬದಿಯನ್ನು ತಿರುವಿ, ಮುದ್ರಣದ ವರ್ಷ, ಮುದ್ರಣಾಲಯದ ಹೆಸರು, ಎಷ್ಟನೆಯ ಮುದ್ರಣವೆಂಬ ಮಾತು ಇವಿಷ್ಟನ್ನು ಬರೆದಿಟ್ಟುಕೊಳ್ಳುವಂತೆ ಈ ಅಂಕಣದ ಓದುಗರನ್ನು ಬೇಡುವೆನು. 1960ಕ್ಕೆ ಹಿಂದಿನದಾದರೆ, ರಟ್ಟು ಹೋಗಿದ್ದರೂ ಸರಿಯೆ, ಆ ಪ್ರತಿಯನ್ನು ಯಾರಿಗೂ ಕೊಡಬೇಡಿರಿ.