ಅರೆಟೊಳ್ಳು ಗಿಟಾರ್ ಮತ್ತು ವೇದಿಕೆಯ ಊಳು

ಸೆಮಿ-ಹಾಲೋ ಎಂದು ಕರೆಯುವ ಅರೆಟೊಳ್ಳು ಎಲೆಕ್ಟ್ರಿಕ್ ಗಿಟಾರಿನ ವಿಷಯದಲ್ಲಿ ಎರಡು ಮಾತುಗಳು ಯಾವಾಗಲೂ ಜೊತೆಜೊತೆಯಾಗಿಯೇ ಕೇಳಿಬರುತ್ತವೆ. ಅದರ ನಾದದ ತುಂಬುತನ ಗಟ್ಟಿಮರದ ಗಿಟಾರಿಗೆ ಬಾರದು ಎಂಬುದು ಒಂದಾದರೆ, ವೇದಿಕೆಯ ಮೇಲೆ ವಾಲ್ಯೂಮ್ ಏರಿಸುತ್ತಿದ್ದಂತೆ ಅದು ಹೇಳದೆ ಕೇಳದೆ ಊಳಿಡತೊಡಗುತ್ತದೆ ಎಂಬುದು ಇನ್ನೊಂದು. ಒಂದನ್ನು ಗುಣವೆಂದೂ ಇನ್ನೊಂದನ್ನು ದೋಷವೆಂದೂ ಬೇರ್ಪಡಿಸುವುದು ರೂಢಿಯಾಗಿದ್ದರೂ, ತೆಳುವಾದ ಮರದ ಮೈ ಗಾಳಿಯ ಅಲುಗಾಟಕ್ಕೆ ಓಗೊಡುವ ಒಂದೇ ಸ್ವಭಾವದಿಂದ ಇವೆರಡೂ ಹುಟ್ಟುತ್ತವೆ. ಆದ್ದರಿಂದ ಗಿಟಾರಿನ ಮೈಯನ್ನು ಕಟ್ಟಿಹಾಕಿ ಊಳನ್ನು ನಿಲ್ಲಿಸುವ ಪ್ರತಿಯೊಂದು ಉಪಾಯವೂ ನಾದದಿಂದ ಒಂದಿಷ್ಟನ್ನು ಕಿತ್ತುಕೊಳ್ಳುತ್ತದೆ. ಗಿಟಾರಿನ ಹೊರಗಿನ ಏರ್ಪಾಟನ್ನು ತಿದ್ದುವ ಉಪಾಯಗಳಿಗೆ ಆ ದಂಡ ತೆರಬೇಕಾಗಿಲ್ಲ. ಸ್ಪಂಜನ್ನೋ ಬಟ್ಟೆಯನ್ನೋ ಹುಡುಕಿಕೊಂಡು ಹೋಗುವ ಮೊದಲು ಇಷ್ಟನ್ನು ಮನಗಾಣುವುದು ಒಳಿತು.

ಫೀಡ್‌ಬ್ಯಾಕ್ ಎಂದರೇನು ಎಂಬುದನ್ನು ಗಣೇಶನ ಪೆಂಡಾಲಿನಲ್ಲಿ ಮೈಕ್ ಕೂಗುವುದನ್ನು ಕೇಳಿದ ಯಾರಿಗೂ ಹೆಚ್ಚು ವಿವರಿಸಬೇಕಾಗಿಲ್ಲ. ಸ್ಪೀಕರಿನಿಂದ ಹೊರಟ ಸದ್ದು ಮರಳಿ ಮೈಕನ್ನು ಸೇರಿ, ಆಂಪ್ಲಿಫೈಯರಿನಲ್ಲಿ ಹಿಗ್ಗಿ, ಮತ್ತೆ ಸ್ಪೀಕರಿನಿಂದ ಹೊರಬಿದ್ದು, ಸುತ್ತಿನಿಂದ ಸುತ್ತಿಗೆ ಬಲಗೊಳ್ಳುತ್ತ ಹೋಗುವ ಈ ಚಕ್ರಕ್ಕೆ ಡೆನ್ಮಾರ್ಕಿನ ಭೌತವಿಜ್ಞಾನಿ ಸೋರೆನ್ ಲಾರ್ಸೆನ್ ಅವರ ನೆನಪಿನಲ್ಲಿ ಲಾರ್ಸೆನ್ ಪರಿಣಾಮ ಎಂಬ ಹೆಸರೂ ಇದೆ. ಚಕ್ರ ತಿರುಗತೊಡಗಲು ಎರಡು ಷರತ್ತುಗಳು ಒಟ್ಟಿಗೆ ಈಡೇರಬೇಕು: ಒಂದು ಸುತ್ತು ಮುಗಿಸಿ ಬಂದ ಸದ್ದು ಹೊರಟಾಗ ಇದ್ದಷ್ಟಾದರೂ ಬಲವಾಗಿರಬೇಕು, ಮತ್ತು ಅದರ ಏರಿಳಿತವು ಮೂಲ ಕಂಪನದ ಏರಿಳಿತದೊಂದಿಗೆ ಹೆಜ್ಜೆ ಹೊಂದಿಸಿಕೊಂಡು ಬರಬೇಕು. ಗಿಟಾರಿನಲ್ಲಿ ಮೈಕಿನ ಜಾಗದಲ್ಲಿರುವುದು ಪಿಕಪ್, ಅಂದರೆ ಅಯಸ್ಕಾಂತದ ಸುತ್ತ ಕೂದಲೆಳೆಯಂತಹ ತಾಮ್ರದ ತಂತಿಯನ್ನು ಸುತ್ತಿದ ಸುರುಳಿ. ಅದು ಗಾಳಿಯಲ್ಲಿನ ಸದ್ದನ್ನು ನೇರವಾಗಿ ಗ್ರಹಿಸದೆ ಉಕ್ಕಿನ ತಂತಿಯ ಅಲುಗಾಟವನ್ನು ಮಾತ್ರ ಗ್ರಹಿಸುತ್ತದೆ. ಆದರೆ ಗಾಳಿಯ ಕಂಪನ ಗಿಟಾರಿನ ಮೈಯನ್ನು ನಡುಗಿಸಿ, ಆ ನಡುಕ ತಂತಿಗಳನ್ನು ಹೊತ್ತಿರುವ ಬ್ರಿಡ್ಜ್‌ನ ಮೂಲಕ ತಂತಿಗೆ ಹತ್ತಿದರೆ ಚಕ್ರ ಪೂರ್ಣಗೊಂಡಂತೆಯೇ.

ಈ ಕಾಟ ಎಲೆಕ್ಟ್ರಿಕ್ ಗಿಟಾರಿನಷ್ಟೇ ಹಳೆಯದು. ಗಿಬ್ಸನ್ ಕಂಪನಿ 1936ರಲ್ಲಿ ಹೊರತಂದ, ಜಾಜ್ ವಾದಕ ಚಾರ್ಲಿ ಕ್ರಿಶ್ಚಿಯನ್ ಅವರಿಂದ ಹೆಸರಾದ ಇಎಸ್-150 ಗಿಟಾರ್ ಪೂರ್ಣ ಟೊಳ್ಳಾಗಿದ್ದು, ಸದ್ದು ಏರಿದಂತೆ ಊಳಿಡುವುದು ಅದರ ಹಣೆಯಲ್ಲೇ ಬರೆದಿತ್ತು. ಗಿಟಾರ್ ವಾದಕ ಲೆಸ್ ಪಾಲ್ ಅವರು 1940ರ ಸುಮಾರಿಗೆ ನ್ಯೂಯಾರ್ಕಿನ ಎಪಿಫೋನ್ ಕಾರ್ಖಾನೆಯಲ್ಲಿ ನಾಲ್ಕಿಂಚು ಚದರದ ಪೈನ್ ತೊಲೆಯೊಂದಕ್ಕೆ ತಂತಿ ಬಿಗಿದು, ನೋಡಲು ಗಿಟಾರಿನಂತಿರಲಿ ಎಂದು ಟೊಳ್ಳು ಗಿಟಾರಿನ ಎರಡು ಹೋಳುಗಳನ್ನು ಅಕ್ಕಪಕ್ಕಕ್ಕೆ ಜೋಡಿಸಿದ್ದು ಇದೇ ಪೀಡೆಯಿಂದ ಪಾರಾಗಲು. ಟೆಡ್ ಮೆಕಾರ್ಟಿ ಅವರು ಗಿಬ್ಸನ್ ಅಧ್ಯಕ್ಷರಾಗಿದ್ದಾಗ 1958ರಲ್ಲಿ ಬಂದ ಇಎಸ್-335 ಈ ಎರಡು ತುದಿಗಳ ನಡುವಿನ ರಾಜಿ: 16 ಇಂಚು ಅಗಲವಿದ್ದರೂ ಎರಡಿಂಚಿಗಿಂತ ಕಡಿಮೆ ದಪ್ಪದ ಮೈ, ಪದರಗಳನ್ನು ಅಂಟಿಸಿ ಮಾಡಿದ ಮೇಪಲ್ ಹಲಗೆ, ಮೈಯ ನಡುವೆ ಕುತ್ತಿಗೆಯಿಂದ ಬುಡದವರೆಗೆ ಮೇಪಲ್ ಮರದ ಗಟ್ಟಿ ದಿಮ್ಮಿ, ಅದರ ಎರಡು ಪಕ್ಕದಲ್ಲಿ ಮಾತ್ರ ಟೊಳ್ಳು. ಬ್ರಿಡ್ಜ್ ಮತ್ತು ಪಿಕಪ್‌ಗಳೆರಡೂ ದಿಮ್ಮಿಯ ಮೇಲೆಯೇ ಕೂರುವುದರಿಂದ ಊಳು ತೊಡಗುವ ಮಟ್ಟ ಬಹಳ ಮೇಲಕ್ಕೆ ಹೋಯಿತು, ಇಲ್ಲವಾಗಲಿಲ್ಲ. ಹೊರನೋಟಕ್ಕೆ ಅದರ ತಮ್ಮನಂತೆ ಕಾಣುವ, ಬೀಟಲ್ಸ್ ತಂಡದ ಕೈಯಲ್ಲಿ ಪ್ರಸಿದ್ಧವಾದ ಎಪಿಫೋನ್ ಕ್ಯಾಸಿನೋದಲ್ಲಿ ಆ ದಿಮ್ಮಿಯೇ ಇಲ್ಲ. ಒಂದರ ಔಷಧಿಯನ್ನು ಇನ್ನೊಂದಕ್ಕೆ ಹಾಕಿ ಫಲ ಕಾಣದೆ ಬೇಸರಪಡುವವರು ಈ ವ್ಯತ್ಯಾಸವನ್ನು ಗಮನಿಸಿರುವುದಿಲ್ಲ.

ಔಷಧಿಗಿಂತ ಮೊದಲು ರೋಗವನ್ನು ಗುರುತಿಸಬೇಕು, ಏಕೆಂದರೆ ಫೀಡ್‌ಬ್ಯಾಕ್ ಎಂಬ ಒಂದೇ ಹೆಸರಿನಡಿ ಮೂರು ಬೇರೆಬೇರೆ ಸದ್ದುಗಳು ಅಡಗಿವೆ. ತಂತಿಯೇ ತನ್ನ ಸ್ವರದಲ್ಲಿ ಅಥವಾ ಅದರ ಮೇಲಿನ ಉಪಸ್ವರದಲ್ಲಿ ತಾನಾಗಿ ಮಿಡಿಯುತ್ತ ನಿಲ್ಲುವುದು ಸಂಗೀತಕ್ಕೆ ಒದಗುವ ಬಗೆ. ಮೈಯ ಹಲಗೆ ಮತ್ತು ಒಳಗಿನ ಗಾಳಿ ತಮ್ಮದೇ ಆವೃತ್ತಿಯಲ್ಲಿ, ಸಾಮಾನ್ಯವಾಗಿ 100ರಿಂದ 250 ಹರ್ಟ್ಸ್‌ಗಳ ನಡುವೆ ಎಲ್ಲೋ, ಹೂಂಕರಿಸುವುದು ಅರೆಟೊಳ್ಳು ಗಿಟಾರಿನ ನಿಜವಾದ ಊಳು. ಪಿಕಪ್ಪಿನ ಸುರುಳಿ ಸಡಿಲಗೊಂಡು ಅದೇ ಮೈಕಿನಂತೆ ವರ್ತಿಸಿದಾಗ ಬರುವುದು ಕಿವಿ ಸೀಳುವ ತೆಳು ಕೀರಲು. ಇವನ್ನು ಬೇರ್ಪಡಿಸಲು ಉಪಕರಣವೇನೂ ಬೇಡ. ಸದ್ದು ಎದ್ದಾಗ ಅಂಗೈಯನ್ನು ಎಲ್ಲ ತಂತಿಗಳ ಮೇಲೂ ಚಪ್ಪಟೆಯಾಗಿ ಇಟ್ಟರೆ ಅದು ಅಡಗಿದಲ್ಲಿ ತಪ್ಪು ತಂತಿಯದು. ತಂತಿ ಸುಮ್ಮನಾದರೂ ಹೂಂಕಾರ ನಿಲ್ಲದೆ, ಮುಂಗೈಯಿಂದ ಮೇಲಿನ ಹಲಗೆಯನ್ನು ಒತ್ತಿದಾಗ ತಗ್ಗಿದರೆ ಮೈಯದು. ಎರಡಕ್ಕೂ ಜಗ್ಗದೆ ಕೀರಲು ಮುಂದುವರಿದರೆ ಪಿಕಪ್ಪಿನದು. ಪಿಕಪ್ಪಿನ ಮೇಲೆ ಅನುಮಾನವಿದ್ದಲ್ಲಿ ತಂತಿಗಳನ್ನು ಹಿಡಿದುಕೊಂಡು ಅದರ ಹತ್ತಿರ ಬಾಯಿಟ್ಟು ಮಾತನಾಡಿ ನೋಡಬಹುದು: ಮಾತು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿದರೆ ಅನುಮಾನ ಪರಿಹಾರವಾದಂತೆ.

ಹೊರಗಿನ ಉಪಾಯಗಳಲ್ಲಿ ಅತ್ಯಂತ ಅಗ್ಗದ್ದೂ ಅತ್ಯಂತ ಕಡೆಗಣಿತವಾದದ್ದೂ ನಿಲ್ಲುವ ಜಾಗ. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 345 ಮೀಟರ್ ಚಲಿಸುವುದರಿಂದ, ಗಿಟಾರಿನ ಐದನೆಯ ತಂತಿಯನ್ನು ಬಿಟ್ಟು ನುಡಿಸಿದಾಗ ಬರುವ 110 ಹರ್ಟ್ಸ್ ಸ್ವರದ ತರಂಗದೂರ, ಅಂದರೆ ಒಂದು ಏರಿಳಿತ ಗಾಳಿಯಲ್ಲಿ ಆಕ್ರಮಿಸುವ ಉದ್ದ, ಮೂರು ಮೀಟರಿಗಿಂತ ತುಸು ಹೆಚ್ಚು. 200 ಹರ್ಟ್ಸ್‌ಗೆ ಅದು ಸುಮಾರು 1.7 ಮೀಟರ್. ಅರ್ಧ ತರಂಗದೂರದಷ್ಟು ಸರಿದರೆ ಏರು ಇರಬೇಕಾದಲ್ಲಿ ಇಳಿವು ಬಂದು ಹೆಜ್ಜೆ ತಪ್ಪುತ್ತದೆ, ಎರಡು ಷರತ್ತುಗಳಲ್ಲಿ ಒಂದು ಮುರಿದುಬೀಳುತ್ತದೆ. ಹಾಗಾಗಿ 200 ಹರ್ಟ್ಸ್ ಆಸುಪಾಸಿನ ಹೂಂಕಾರವನ್ನು ಒಂದು ದೊಡ್ಡ ಹೆಜ್ಜೆ ಹಿಂದೆ ಸರಿದೇ ಅಡಗಿಸಲು ಸಾಧ್ಯವಿದೆ. ಸರಿದ ಜಾಗದಲ್ಲಿ ಬೇರೊಂದು ಆವೃತ್ತಿಗೆ ಹೆಜ್ಜೆ ಕೂಡಿಬರುತ್ತದೆ ಎಂಬುದು ನಿಜವೇ ಆದರೂ, ಆ ಆವೃತ್ತಿಗೆ ಗಿಟಾರಿನ ಮೈ ಓಗೊಡದಿದ್ದರೆ ಅದರಿಂದ ಹಾನಿಯಿಲ್ಲ. ಇದೇ ಲೆಕ್ಕವನ್ನು ತಿರುಗಿಸಿ ಉಪಯೋಗಿಸಿದ ಅತ್ಯುತ್ತಮ ನಿದರ್ಶನ ಡೇವಿಡ್ ಬೋವಿ ಅವರ 1977ರ ‘ಹೀರೋಸ್’ ಹಾಡಿನಲ್ಲಿದೆ: ಪಶ್ಚಿಮ ಬರ್ಲಿನ್ನಿನ ಹಾನ್ಸಾ ಸ್ಟುಡಿಯೊದಲ್ಲಿ ಗಿಟಾರ್ ವಾದಕ ರಾಬರ್ಟ್ ಫ್ರಿಪ್ ಅವರು ಯಾವ ಸ್ವರದ ಫೀಡ್‌ಬ್ಯಾಕ್ ಎಲ್ಲಿ ನಿಂತರೆ ಬರುತ್ತದೆ ಎಂಬುದನ್ನು ಕಂಡುಕೊಂಡು, ನೆಲಕ್ಕೆ ಟೇಪು ಅಂಟಿಸಿ ಗುರುತು ಮಾಡಿಕೊಂಡು, ಆ ಗುರುತುಗಳ ನಡುವೆ ನಡೆದಾಡುತ್ತಲೇ ನುಡಿಸಿದರು ಎಂದು ನಿರ್ಮಾಪಕ ಟೋನಿ ವಿಸ್ಕಾಂಟಿ ಹೇಳಿದ್ದಾರೆ. ಬೇಕಾದ ಸ್ವರ ಬರುವ ಜಾಗಗಳಿಗೆ ಅಲ್ಲಿ ಬಿದ್ದ ಟೇಪನ್ನು, ಬೇಡದ ಊಳು ಏಳದ ಜಾಗಕ್ಕೆ ಸೌಂಡ್ ಚೆಕ್ ಹೊತ್ತಿನಲ್ಲೇ ಹಾಕಿಕೊಳ್ಳಲು ಯಾವ ವಾದಕರಿಗೂ ಅಡ್ಡಿಯಿಲ್ಲ.

ಆಂಪ್ಲಿಫೈಯರನ್ನು ನೆಲದ ಮೇಲಿಟ್ಟು ಅದರ ನೇರ ಮುಂದೆ ಬೆನ್ನು ಹಾಕಿ ನಿಲ್ಲುವುದು ಕೆಟ್ಟ ಅಭ್ಯಾಸ. ಟೊಳ್ಳಾದ ಮರದ ವೇದಿಕೆ ಮಂದ್ರಸ್ವರಗಳನ್ನು ಉಬ್ಬಿಸುತ್ತದೆ, ಸ್ಪೀಕರಿನ ತಾರಸ್ವರಗಳು ವಾದಕರ ಮೊಣಕಾಲಿಗೆ ಬಡಿದು ಕಿವಿಗೆ ತಲುಪುವುದೇ ಇಲ್ಲ, ತಲುಪುವುದಿಲ್ಲವೆಂದು ಅವರು ವಾಲ್ಯೂಮ್ ಏರಿಸುತ್ತಾರೆ. ಅದನ್ನೇ ಒಂದು ಕುರ್ಚಿಯ ಮೇಲೇರಿಸಿ, ಕಿವಿಯತ್ತ ತುಸು ವಾಲಿಸಿ, ವಾದಕರು ಅದರ ಎದುರಿನಿಂದ ಪಕ್ಕಕ್ಕೆ ಸರಿದು ನಿಂತರೆ ಕಡಿಮೆ ಸದ್ದಿನಲ್ಲೇ ಕೆಲಸವಾಗುತ್ತದೆ. ದೇಹವನ್ನು ಗಿಟಾರಿಗೂ ಸ್ಪೀಕರಿಗೂ ನಡುವೆ ತಡೆಯಾಗಿ ಒಡ್ಡುವುದು ಕೀರಲಿಗೆ ಮದ್ದಾಗುತ್ತದೆಯೇ ಹೊರತು ಹೂಂಕಾರಕ್ಕಲ್ಲ, ಏಕೆಂದರೆ ಉದ್ದ ತರಂಗಗಳು ಮನುಷ್ಯನ ಮೈಯನ್ನು ಬಳಸಿಕೊಂಡು ಸಲೀಸಾಗಿ ಮುಂದೆ ಹೋಗುತ್ತವೆ. ಎಷ್ಟೋ ಸಲ ತಪ್ಪು ಆಂಪ್‌ನದ್ದೇ ಆಗಿರುವುದಿಲ್ಲ: ಪಾದದ ಮುಂದೆ ಮೇಲ್ಮೊಗವಾಗಿ ಇಟ್ಟ ಮಾನಿಟರ್ ಸ್ಪೀಕರು ಗಿಟಾರಿನ ಮುಖಕ್ಕೇ ಗುರಿಯಿಟ್ಟಂತಿದ್ದು, ಅದರಲ್ಲಿ ಗಿಟಾರಿನ ಸದ್ದನ್ನೂ ಹರಿಯಬಿಟ್ಟಾಗ ಎರಡನೆಯ ಚಕ್ರವೊಂದು ಹುಟ್ಟಿಕೊಳ್ಳುತ್ತದೆ. ತನ್ನ ಮಾನಿಟರಿಗೆ ತನ್ನ ಗಿಟಾರ್ ಬೇಡ ಎಂದು ಸೌಂಡ್ ಎಂಜಿನಿಯರಿಗೆ ಹೇಳುವ ಒಂದು ವಾಕ್ಯದಿಂದ ಪರಿಹಾರವಾಗುವ ಕಾಯಿಲೆಗೆ ಗಿಟಾರಿನ ಹೊಟ್ಟೆಗೆ ಬಟ್ಟೆ ತುರುಕುವುದು ಅನ್ಯಾಯ.

ಸದ್ದನ್ನು ಒರಟಾಗಿಸುವ ಓವರ್‌ಡ್ರೈವ್, ಡಿಸ್ಟಾರ್ಷನ್ ಪೆಡಲ್‌ಗಳ ಪಾತ್ರವನ್ನು ಬಹಳ ಮಂದಿ ತಪ್ಪಾಗಿ ತಿಳಿದಿರುತ್ತಾರೆ. ಇವು ದೊಡ್ಡ ಸಂಕೇತದ ತಲೆಯನ್ನು ಕತ್ತರಿಸಿ ಚಿಕ್ಕ ಸಂಕೇತವನ್ನು ಅಪಾರವಾಗಿ ಹಿಗ್ಗಿಸುವುದರಿಂದ, ಒಟ್ಟು ಸದ್ದು ಅಷ್ಟೇನೂ ಏರದಂತೆ ಕಂಡರೂ ತಂತಿಯ ಅತಿ ಸಣ್ಣ ನಡುಕವೂ ಚಕ್ರವನ್ನು ತಿರುಗಿಸಲು ಸಾಕಾಗುತ್ತದೆ. 20 ಡೆಸಿಬೆಲ್ ಹೆಚ್ಚಿಸಿದರೆಂದರೆ ವೋಲ್ಟೇಜನ್ನು ಹತ್ತು ಪಟ್ಟು ಮಾಡಿದಂತೆ. ಗದ್ದಲವನ್ನು ತಡೆಯುವ ನಾಯ್ಸ್ ಗೇಟ್ ನುಡಿಸದೆ ಇರುವ ಬಿಡುವುಗಳಲ್ಲಿ ಬಾಗಿಲು ಮುಚ್ಚುತ್ತದೆ ಅಷ್ಟೆ. ಸ್ವರ ನುಡಿಯುತ್ತಿರುವಾಗ ಬಾಗಿಲು ತೆರೆದೇ ಇರುತ್ತದೆ, ಊಳು ಬರುವುದೂ ಆಗಲೇ. ಪೆಡಲಿನ ಗೇನ್ ಎಂಬ ಗುಂಡಿಯನ್ನು ಕಾಲುಭಾಗ ಇಳಿಸಿ, ಬಿಡುವಿನಲ್ಲಿ ಗಿಟಾರಿನ ವಾಲ್ಯೂಮನ್ನು ಕಿರುಬೆರಳಿನಿಂದ ತಗ್ಗಿಸುವ ರೂಢಿ ಮಾಡಿಕೊಳ್ಳುವುದು ಯಾವ ಗೇಟಿಗಿಂತಲೂ ಮೇಲು.

ಇಷ್ಟಾದ ಮೇಲೂ ಉಳಿಯುವ ಹೂಂಕಾರಕ್ಕೆ ಈಕ್ವಲೈಸರ್, ಅಂದರೆ ಸದ್ದಿನ ಬೇರೆಬೇರೆ ಆವೃತ್ತಿಗಳನ್ನು ಪ್ರತ್ಯೇಕವಾಗಿ ಏರಿಸಿ ಇಳಿಸುವ ಸಲಕರಣೆ ಬೇಕಾಗುತ್ತದೆ. ಸಾಮಾನ್ಯ ಗ್ರಾಫಿಕ್ ಪೆಡಲಿನ ಒಂದೊಂದು ಕಡ್ಡಿಯೂ ಸುಮಾರು ಒಂದು ಸ್ಥಾಯಿಯಷ್ಟು ಅಗಲವನ್ನು ಹಿಡಿಯುವುದರಿಂದ, ಒಂದು ಸ್ವರದ ತಂಟೆಗೆ ಹನ್ನೆರಡು ಸ್ವರಗಳಿಗೆ ಶಿಕ್ಷೆಯಾಗುತ್ತದೆ. ಆವೃತ್ತಿಯನ್ನೂ ಕತ್ತರಿಯ ಅಗಲವನ್ನೂ ಆರಿಸಿಕೊಳ್ಳಲು ಬರುವ ಪ್ಯಾರಾಮೆಟ್ರಿಕ್ ಬಗೆಯದು ಇಲ್ಲಿ ಸೂಕ್ತ: ವಾಲ್ಯೂಮನ್ನು ಊಳಿನ ಅಂಚಿಗೆ ತಂದು, ಕಿರಿದಾದ ಪಟ್ಟಿಯೊಂದನ್ನು ತುಸು ಏರಿಸಿ 100 ಹರ್ಟ್ಸ್‌ನಿಂದ ನಿಧಾನವಾಗಿ ಮೇಲಕ್ಕೆ ಸರಿಸುತ್ತ ಹೋದರೆ, ತಂಟೆಯ ಆವೃತ್ತಿ ಬಂದೊಡನೆ ಗಿಟಾರ್ ತಾನೇ ಕೂಗಿ ಹೇಳುತ್ತದೆ, ಅಲ್ಲಿ ಮೂರರಿಂದ ಆರು ಡೆಸಿಬೆಲ್ ಇಳಿಸಿದರೆ ಬಹುತೇಕ ಸಂದರ್ಭಗಳಲ್ಲಿ ಸಾಕು. ಎರಡು ಕಡೆಗಿಂತ ಹೆಚ್ಚು ಕತ್ತರಿ ಆಡಿಸಬೇಕಾಗಿ ಬಂದರೆ ನಿಂತ ಜಾಗವನ್ನೋ ಮಾನಿಟರನ್ನೋ ಸರಿಯಾಗಿ ನೋಡಿಕೊಂಡಿಲ್ಲವೆಂದೇ ತಿಳಿಯಬೇಕು.

ಗಿಟಾರಿನ ಮೈಗೆ ಕೈಹಾಕುವುದು ಇದಾದ ನಂತರದ ಮಾತು. ಬಿ.ಬಿ. ಕಿಂಗ್ ಅವರು ಇಂಗ್ಲಿಷಿನ ಎಫ್ ಅಕ್ಷರದಂತೆ ಕೊರೆದ ರಂಧ್ರಗಳಿಗೆ ಟವೆಲ್ ತುರುಕಿಕೊಂಡು ನುಡಿಸುತ್ತಿದ್ದುದೂ, 1980ರಲ್ಲಿ ಗಿಬ್ಸನ್ ಅವರಿಗಾಗಿ ತಯಾರಿಸಿದ ‘ಲೂಸಿಲ್’ ಮಾದರಿಯಲ್ಲಿ ಆ ರಂಧ್ರಗಳನ್ನೇ ಕೈಬಿಟ್ಟುದೂ ಪ್ರಸಿದ್ಧ ಸಂಗತಿ. ಅದಕ್ಕೂ ಮೊದಲೇ ಗ್ರೆಚ್ ಕಂಪನಿ ಚೆಟ್ ಅಟ್ಕಿನ್ಸ್ ಹೆಸರಿನ ಕಂಟ್ರಿ ಜೆಂಟಲ್‌ಮನ್ ಗಿಟಾರಿನಲ್ಲಿ ಮೈಯನ್ನು ಮುಚ್ಚಿ, ರಂಧ್ರದ ಆಕಾರವನ್ನು ಬರೀ ತೋರಿಕೆಗೆ ಉಳಿಸಿತ್ತು. ರಂಧ್ರ ಮುಚ್ಚಿದಾಗ ಒಳಗಿನ ಗಾಳಿ ಒಂದು ಆವೃತ್ತಿಯಲ್ಲಿ ಒಟ್ಟಾಗಿ ಮಿಡಿಯುವುದು ತಪ್ಪುತ್ತದೆ, ಹಲಗೆಯ ಮಿಡಿತ ಮಾತ್ರ ಉಳಿಯುತ್ತದೆ. ಸಂಪರ್ಕ ಮೈಕನ್ನು ಅಂಟಿಸಿಕೊಂಡು ಕಛೇರಿಗೆ ಬರುವ ವೀಣೆಗೂ ಇದೇ ಜಾತಿಯ ತೊಂದರೆ ಇದ್ದು, ಅದರ ಕೊಡಕ್ಕೆ ಬಟ್ಟೆ ತುಂಬಬೇಕೆಂದು ಯಾರೂ ಹೇಳುವುದಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ಅನಿವಾರ್ಯವಾದಲ್ಲಿ ರಂಧ್ರಕ್ಕಿಂತ ಕೂದಲೆಳೆಯಷ್ಟು ದೊಡ್ಡದಾಗಿ ಕತ್ತರಿಸಿದ ಮೆತ್ತನೆಯ ಸ್ಪಂಜಿನ ಬಿರಡೆಯನ್ನು ಮೇಲ್ಮೈಗೆ ಸಮನಾಗಿ ಕೂರಿಸಬೇಕು. ಮೊದಲು ಒಂದು ರಂಧ್ರಕ್ಕೆ ಮಾತ್ರ ಹಾಕಿ ಕೇಳಿ, ಸಾಲದಿದ್ದರೆ ಇನ್ನೊಂದಕ್ಕೆ. ಒಳಗೆ ಬಟ್ಟೆ ತುರುಕುವುದರಲ್ಲಿ ಇನ್ನೊಂದು ಅಪಾಯವಿದೆ: ಇಎಸ್-335ರಲ್ಲಿ ವಾಲ್ಯೂಮ್, ಟೋನ್ ಗುಂಡಿಗಳ ಕೆಳಗಿನ ತಂತಿಜಾಲವೆಲ್ಲ ಅದೇ ಟೊಳ್ಳಿನಲ್ಲಿದ್ದು, ಬಟ್ಟೆಗೆ ಸಿಕ್ಕಿ ಬೆಸುಗೆಯೊಂದು ಕಿತ್ತರೆ ಆ ಗುಂಡಿಗಳನ್ನು ಎಫ್ ರಂಧ್ರದ ಮೂಲಕವೇ ದಾರ ಕಟ್ಟಿ ಎಳೆದು ಹೊರತೆಗೆದು, ಹಾಗೆಯೇ ಮರಳಿ ಕೂರಿಸಬೇಕಾಗುತ್ತದೆ. ರಿಪೇರಿಯವರು ಈ ಕೆಲಸಕ್ಕೆ ಮುಖ ಸಿಂಡರಿಸುವುದು ಸುಮ್ಮನೆ ಅಲ್ಲ.

ಕೀರಲಿಡುವ ಪಿಕಪ್ಪಿಗೆ ಮೇಣದ ಸ್ನಾನವೇ ಮದ್ದು. ಪ್ಯಾರಾಫಿನ್ ಮೇಣಕ್ಕೆ ಸ್ವಲ್ಪ ಜೇನುಮೇಣ ಬೆರೆಸಿ, 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗಿಸಿ, ಗುಳ್ಳೆ ಏಳುವುದು ನಿಲ್ಲುವವರೆಗೆ ಅದರಲ್ಲಿ ಪಿಕಪ್ಪನ್ನು ಅದ್ದಿಟ್ಟರೆ ಸುರುಳಿಯ ಎಳೆಗಳು ಒಂದಕ್ಕೊಂದು ಅಂಟಿ ಅಲುಗುವುದನ್ನು ಬಿಡುತ್ತವೆ. ಶಾಖ ಮಿತಿಮೀರಿದರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗುವುದರಿಂದ, ಮತ್ತು 1950ರ ದಶಕದ ಗಿಬ್ಸನ್ ಹಂಬಕರ್ ಪಿಕಪ್‌ಗಳು ಮೇಣವಿಲ್ಲದೆಯೇ ತಯಾರಾದವಾಗಿ ಅವುಗಳ ಬೆಲೆ ಆ ಮೂಲ ಸ್ಥಿತಿಯಲ್ಲೇ ಇರುವುದರಿಂದ, ಹಳೆಯ ಪಿಕಪ್ಪನ್ನು ಮನೆಯ ಒಲೆಯ ಮೇಲೆ ಪ್ರಯೋಗಕ್ಕೆ ಒಡ್ಡಬಾರದು.

ಪೂರ್ಣ ಟೊಳ್ಳಾದ ಗಿಬ್ಸನ್ ಬರ್ಡ್‌ಲ್ಯಾಂಡ್ ಹಿಡಿದು ಕಿವಿಗಡಚಿಕ್ಕುವ ಸದ್ದಿನಲ್ಲಿ ಊಳನ್ನೇ ಪಳಗಿಸಿಕೊಂಡ ಟೆಡ್ ನ್ಯೂಜೆಂಟ್ ಅವರಂತಹವರು ಅಪವಾದ. ಉಳಿದವರು ಜಾಗ, ಮಾನಿಟರ್, ಗೇನ್ ಮೂರನ್ನೂ ತಿದ್ದಿ, ಈಕ್ವಲೈಸರಿನಲ್ಲಿ ಒಂದೆರಡು ಕಡೆ ಇಳಿಸಿ, ರಂಧ್ರಕ್ಕೆ ಬಿರಡೆಯನ್ನೂ ಹಾಕಿದ ಮೇಲೂ ಅರೆಟೊಳ್ಳು ಗಿಟಾರ್ ಊಳಿಡುತ್ತಿದ್ದರೆ, ಅದರ ಹೊಟ್ಟೆಯನ್ನು ಪೂರ್ತಿ ತುಂಬಿ ಕೆಟ್ಟ ಗಟ್ಟಿಮರದ ಗಿಟಾರನ್ನಾಗಿ ಮಾಡುವುದಕ್ಕಿಂತ, ಆ ಕಾರ್ಯಕ್ರಮಕ್ಕೆ ಒಳ್ಳೆಯ ಗಟ್ಟಿಮರದ ಗಿಟಾರನ್ನೇ ಕೊಂಡೊಯ್ಯುವುದು ಸರಿ.