‘ಚೋಮನ ದುಡಿ’ಯಲ್ಲಿ ನಂಬಿಕೆಯ ಎರಡು ಮುಖಗಳು

ಆಧುನಿಕತೆ ಬೆಳೆದಂತೆ ಮತಶ್ರದ್ಧೆ ತಾನಾಗಿ ಕ್ಷೀಣಿಸುವುದೆಂಬ ವಾದವನ್ನು ನಾವು ಮೇಲಿಂದ ಮೇಲೆ ಕೇಳುತ್ತೇವೆ. ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ವಾದಕ್ಕೆ ತಕ್ಕ ಒರೆಗಲ್ಲು.

ಅಸ್ಪೃಶ್ಯನೆನಿಸಿದ ಜೀತದಾಳು ಚೋಮನಿಗೆ ತಾನೂ ಬೇಸಾಯಗಾರನಾಗಬೇಕೆಂಬುದೊಂದೇ ಆಸೆ. ಎತ್ತುಗಳಿವೆ, ನೆಲವಿಲ್ಲ. ಒಡೆಯ ಸಂಕಪ್ಪಯ್ಯನ ಮನಸ್ಸು ಕರಗಿದರೂ ಆತನ ತಾಯಿ ಸಂಪ್ರದಾಯದ ಹೆಸರಿನಲ್ಲಿ ತಡೆಯುತ್ತಾಳೆ. ಕ್ರೈಸ್ತನಾದರೆ ನೆಲ ದೊರೆಯುವುದೆಂದು ಹೊರಟ ಚೋಮ, ತಾನು ನಂಬಿದ ಪಂಜುರ್ಲಿ ದೈವವನ್ನು ತೊರೆಯಲಾರದೆ ಹಿಂದಿರುಗುತ್ತಾನೆ.

ಈ ಹಿಂದಿರುಗುವಿಕೆಯನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆ ನಿರ್ಣಯ ನಮಗೆ ಸಮ್ಮತವಲ್ಲ. ಒಡೆಯನ ತಾಯಿಯ ನಂಬಿಕೆ ಇನ್ನೊಬ್ಬನ ಬಾಳಿಗೆ ಹಾಕಿದ ಬೇಲಿ. ಚೋಮನ ನಂಬಿಕೆಯಾದರೋ, ಬೇರೇನೂ ತನ್ನದಲ್ಲದವನಿಗೆ ತನ್ನದೆಂದು ಉಳಿದ ಆಸರೆ. ಎರಡಕ್ಕೂ ಒಂದೇ ಹೆಸರಿರುವುದರಿಂದ ನಮ್ಮ ವಿಮರ್ಶೆ ದಾರಿ ತಪ್ಪಿದೆ. ಹಾಗೆಂದು ಕಾರಂತರು ಆ ಆಸರೆಯನ್ನು ವೈಭವೀಕರಿಸಿಲ್ಲ. ಅದು ಚೋಮನಿಗೆ ಗೇಣು ನೆಲವನ್ನೂ ಕೊಡಲಿಲ್ಲ. ದುಡಿ ಬಾರಿಸುತ್ತಲೇ ಆತನ ಬಾಳು ಮುಗಿಯುತ್ತದೆ.

1950ರಲ್ಲಿ ಜಾರಿಗೆ ಬಂದ ಸಂವಿಧಾನವು 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. 25ನೆಯ ವಿಧಿಯಲ್ಲಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಮನ್ನಿಸಿತು. ಬೇಲಿಯನ್ನು ಕಿತ್ತು ಆಸರೆಯನ್ನು ಉಳಿಸುವ ಈ ವಿವೇಕಕ್ಕೆ ಬೇಕಾದ ಭೇದವನ್ನು ಕಾದಂಬರಿಯು 17 ವರ್ಷ ಮೊದಲೇ ತೋರಿಸಿತ್ತು. ಮತಶ್ರದ್ಧೆ ಉಳಿಯುವುದೋ ಅಳಿಯುವುದೋ ಎಂದು ಭವಿಷ್ಯ ನುಡಿಯುವುದು ಚರಿತ್ರಕಾರನ ಕೆಲಸವಲ್ಲ. ಅದು ಯಾರನ್ನು ತಡೆಯಿತು, ಯಾರನ್ನು ತಾಳಿಸಿತು ಎಂಬುದನ್ನು ಆತ ಪ್ರತ್ಯೇಕವಾಗಿ ವಿಚಾರಿಸಬೇಕು.