ಯಾರ ಮಕ್ಕಳಿಗೆ ಯಾವ ಸಿನಿಮಾ?

'ಎಳೆಯ ಮಕ್ಕಳಿಗೆ ಈ ಸಿನಿಮಾ ಬೇಡ' ಅನ್ನುವ ಮಾತನ್ನು ನಾವೆಲ್ಲ ಬಹಳ ಸಲೀಸಾಗಿ ಆಡುತ್ತೇವೆ. ಆಡುವಾಗ ನಮ್ಮ ಕಣ್ಣ ಮುಂದೆ ಯಾವ ಮಗು ಇರುತ್ತದೆ ಅಂತ ಯಾರೂ ಕೇಳುವುದಿಲ್ಲ. ಆ ಮಗುವಿಗೆ ಮಲಗಲು ಬೇರೆ ಕೋಣೆ ಇರುತ್ತದೆ. ಕುಡಿಯಲು ಹಾಲಿರುತ್ತದೆ. ರಾತ್ರಿ ಹೆದರಿ ಎದ್ದರೆ ತಬ್ಬಿಕೊಳ್ಳಲು ಪಕ್ಕದಲ್ಲೇ ತಾಯಿ ಇರುತ್ತಾಳೆ. ನಸುಕಿಗೇ ಕೂಲಿಗೆ ಹೋದ ತಾಯಿಯ ಮಗು ಆ ಚಿತ್ರದಲ್ಲಿಲ್ಲ. ಸತ್ತ ದನ ಸುಲಿಯುವುದನ್ನು ಐದನೇ ವರ್ಷಕ್ಕೇ ನೋಡಿದ ಮಗು, ಗೌಡನ ಮನೆ ಹಿತ್ತಲಲ್ಲಿ ಅಪ್ಪ ಕೈಕಟ್ಟಿ ನಿಂತು ಬೈಸಿಕೊಂಡದ್ದನ್ನು ಕಂಡ ಮಗು ಅದರಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಮಕ್ಕಳಿಗೆ ಯಾವ ಸಿನಿಮಾ ಅನ್ನುವ ಪ್ರಶ್ನೆಗೆ ಮೊದಲು ಇನ್ನೊಂದು ಪ್ರಶ್ನೆ ಇದೆ. ಯಾರ ಮಕ್ಕಳಿಗೆ?

ಕಾನೂನಿಗೆ ಈ ಪ್ರಶ್ನೆ ಗೊತ್ತಿಲ್ಲ. 1952ರ ಸಿನಿಮಾಟೋಗ್ರಾಫ್ ಕಾಯಿದೆ ಎಲ್ಲರಿಗೂ 'ಯು', ದೊಡ್ಡವರಿಗೆ 'ಎ' ಅಂತ ಎರಡು ಗೆರೆ ಎಳೆಯಿತು. 1983ರಲ್ಲಿ 'ಯುಎ' ಬಂತು, ಹನ್ನೆರಡರೊಳಗಿನ ಮಕ್ಕಳಿಗೆ ತಂದೆ ತಾಯಿಯ ಮಾರ್ಗದರ್ಶನ ಬೇಕು ಅಂತ. 2023ರ ತಿದ್ದುಪಡಿ ಆ 'ಯುಎ'ಯನ್ನೂ ಏಳು, ಹದಿಮೂರು, ಹದಿನಾರು ಅಂತ ಮೂರು ಮೆಟ್ಟಿಲು ಮಾಡಿತು. ವಯಸ್ಸಿಗೆ ತಕ್ಕಂತೆ ನೋಡಬೇಕು ಅನ್ನುವುದು ಸರಿಯೇ. ಆದರೆ ಕೊನೆಯ ತೀರ್ಮಾನವನ್ನು ತಂದೆ ತಾಯಿಯ ಹೆಗಲಿಗೆ ಹಾಕಿದೆಯಲ್ಲ, ಆ ತಂದೆ ತಾಯಿ ಯಾರು? ಸರ್ಟಿಫಿಕೇಟಿನ ಅಕ್ಷರ ಓದಬಲ್ಲವರು, ಮಗುವಿನ ಪಕ್ಕ ಎರಡೂವರೆ ಗಂಟೆ ಕೂರುವ ಪುರುಸೊತ್ತು ಉಳ್ಳವರು. ನಮ್ಮ ಕೇರಿಯಲ್ಲಿ ಅಮ್ಮ ಕಳೆ ಕೀಳಲು ಹೋಗಿರುತ್ತಾಳೆ, ಮಗುವಿನ ಕೈಲಿ ಅಣ್ಣನ ಮೊಬೈಲು ಇರುತ್ತದೆ. ಆ ಮೊಬೈಲಿಗೆ ಮೆಟ್ಟಿಲೂ ಇಲ್ಲ, ಬಾಗಿಲೂ ಇಲ್ಲ. ಕಾನೂನು ಅಲ್ಲಿಗೆ ಬರುವುದಿಲ್ಲ. ಅಲ್ಲಿಗೆ ಬರಬಹುದಾದವರು ಊರ ಮೇಷ್ಟ್ರು ಒಬ್ಬರೇ. ಈ ಮಾತುಗಳನ್ನು ನಾನು ಮುಖ್ಯವಾಗಿ ಅವರಿಗೇ ಹೇಳುತ್ತಿದ್ದೇನೆ.

ಕಾನೂನಿಗಿಂತ ಬಲವಾದ ಇನ್ನೊಂದು ಸೆನ್ಸಾರ್ ನಮ್ಮಲ್ಲಿದೆ. ಅದು ರೂಢಿಯ ಸೆನ್ಸಾರ್. ಶಾಲೆಯಲ್ಲಿ ಮಕ್ಕಳಿಗೆ ಸಿನಿಮಾ ತೋರಿಸಬೇಕು ಅಂದ ಕೂಡಲೇ ಪಟ್ಟಿಯಲ್ಲಿ ಮೊದಲು ಬರುವುದು ಭಕ್ತಿಯ ಸಿನಿಮಾ. 1983ರ 'ಭಕ್ತ ಪ್ರಹ್ಲಾದ'ವನ್ನೇ ತಗೊಳ್ಳಿ. ರಾಜ್‌ಕುಮಾರ್ ಹಿರಣ್ಯಕಶಿಪು, ಪುನೀತ್ ಪ್ರಹ್ಲಾದ. ನಟನೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದರ ಕಥೆ ಏನು? ಹೆತ್ತ ಅಪ್ಪ ಎಳೆಯ ಮಗನನ್ನು ಕೊಲ್ಲಿಸಲು ಮತ್ತೆ ಮತ್ತೆ ಹೊರಡುತ್ತಾನೆ. ಕೊನೆಗೆ ಕಂಬ ಒಡೆದು ಬಂದ ನರಸಿಂಹ ಅವನ ಹೊಟ್ಟೆಯನ್ನೇ ಬಗೆಯುತ್ತಾನೆ. ಇದನ್ನು ಐದು ವರ್ಷದ ಕೂಸನ್ನು ತೊಡೆ ಮೇಲೆ ಕೂರಿಸಿಕೊಂಡು ತೋರಿಸುತ್ತೇವೆ. 'ಅಯ್ಯೋ, ಹಿಂಸೆ ಜಾಸ್ತಿಯಾಯಿತು' ಅಂತ ಯಾರೂ ಅನ್ನುವುದಿಲ್ಲ. ಹಿಂಸೆಗೆ ಪುರಾಣದ ಪಂಚೆ ಉಡಿಸಿದರೆ ಅದು ಸಂಸ್ಕಾರ ಆಗುತ್ತದೆ.

1965ರ 'ಸತ್ಯ ಹರಿಶ್ಚಂದ್ರ' ಇನ್ನೂ ಸೂಕ್ಷ್ಮದ ವಿಷಯ. ನಮ್ಮ ಅಜ್ಜಿ ಟೆಂಟಿನಲ್ಲಿ ನೆಲದ ಮೇಲೆ ಕೂತು ಅದನ್ನು ನೋಡಿ ಸೆರಗು ಒದ್ದೆ ಮಾಡಿಕೊಂಡವಳು. ಅವಳ ಕಣ್ಣೀರನ್ನು ನಾನು ಹಂಗಿಸುವುದಿಲ್ಲ. ಆದರೆ ಅವಳು ಅತ್ತದ್ದು ಯಾತಕ್ಕೆ? ರಾಜ್ಯ ಹೋಯಿತು, ಹೆಂಡತಿ ಮಗ ಮಾರಾಟವಾದರು, ಎಲ್ಲಕ್ಕಿಂತ ಕೊನೆಯ ಕಷ್ಟವಾಗಿ ರಾಜ ವೀರಬಾಹುವಿನ ಆಳಾಗಿ ಸ್ಮಶಾನ ಕಾಯಬೇಕಾಯಿತು. ಅಂದರೆ ರಾಜನಿಗೆ ಬಂದ ಪರಮಾವಧಿ ದುಃಖ ಯಾವುದೋ ಅದು ನಮ್ಮ ತಾತಂದಿರ ದಿನದ ಕೆಲಸ. ರಾಜ ಸ್ಮಶಾನಕ್ಕೆ ಬಂದರೆ ದೇವತೆಗಳು ಇಳಿದು ಬಂದು ಎತ್ತಿಕೊಳ್ಳುತ್ತಾರೆ. ಹುಟ್ಟಿನಿಂದಲೇ ಸ್ಮಶಾನದಲ್ಲಿರುವವನಿಗಾಗಿ ಯಾರೂ ಇಳಿಯುವುದಿಲ್ಲ. ಈ ಸಿನಿಮಾ ನೋಡುವ ನಮ್ಮ ಹುಡುಗ ಸತ್ಯ ಹೇಳಬೇಕು ಅನ್ನುವುದನ್ನು ಕಲಿಯುತ್ತಾನೆ, ಇರಲಿ. ಅದರ ಜೊತೆಗೇ ತನ್ನಪ್ಪನ ಕೆಲಸ ಮನುಷ್ಯನಿಗೆ ಬರಬಾರದ ಗತಿ ಅನ್ನುವುದನ್ನೂ ಕಲಿಯುತ್ತಾನೆ. ಅದು ಯಾರು ಮಾಡಿದ ಗತಿ ಅಂತ ಮಾತ್ರ ಅವನಿಗೆ ಯಾರೂ ಹೇಳುವುದಿಲ್ಲ. ರಕ್ತ ಕಾಣದ ಇಂಥ ಗಾಯಕ್ಕೆ ಯಾವ ಮಂಡಳಿಯಲ್ಲೂ ಸರ್ಟಿಫಿಕೇಟಿಲ್ಲ.

ಈಗ 'ಚೋಮನ ದುಡಿ'ಗೆ ಬರೋಣ. ಶಿವರಾಮ ಕಾರಂತರ 1933ರ ಕಾದಂಬರಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದರಲ್ಲಿ ಚೋಮನ ಕಿರಿಯ ಮಗ ಹೊಳೆಯಲ್ಲಿ ಮುಳುಗುತ್ತಾನೆ. ದಡದಲ್ಲಿ ಮೇಲ್ಜಾತಿಯ ಜನ ಇದ್ದಾರೆ. ಎತ್ತಬೇಕಾದರೆ ಮುಟ್ಟಬೇಕಲ್ಲ! ಹುಡುಗ ಸಾಯುತ್ತಾನೆ. 'ಮಕ್ಕಳಿಗೆ ಇದು ಬೇಡ, ಮನಸ್ಸಿಗೆ ಘಾಸಿಯಾಗುತ್ತದೆ' ಅನ್ನುವವರು ಇದ್ದಾರೆ. ಕರುಳು ಬಗೆದದ್ದನ್ನು ನೋಡಿ ಘಾಸಿಯಾಗದ ಮನಸ್ಸು ನೀರಲ್ಲಿ ಮುಳುಗಿದ್ದನ್ನು ನೋಡಿ ಘಾಸಿಯಾಗುತ್ತದೆಯೆ? ನಿಜ ಏನೆಂದರೆ ಘಾಸಿಯಾಗುವುದು ಮಕ್ಕಳಿಗಲ್ಲ, ತೋರಿಸುವ ದೊಡ್ಡವರಿಗೆ. ಮಗು ತಿರುಗಿ 'ಯಾಕೆ ಎತ್ತಲಿಲ್ಲ?' ಅಂತ ಕೇಳುತ್ತದೆ. ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ನರಸಿಂಹನ ಬಗ್ಗೆ ಅಂಥ ಪ್ರಶ್ನೆ ಬರುವುದಿಲ್ಲ.

ಇಲ್ಲಿಗೆ ನಿಲ್ಲಿಸಿ 'ಆದ್ದರಿಂದ ಎಲ್ಲ ಶಾಲೆಯಲ್ಲೂ ಚೋಮನ ದುಡಿ ತೋರಿಸಿ' ಅಂದುಬಿಟ್ಟರೆ ನನ್ನ ಕೆಲಸ ಸುಲಭ. ಆದರೆ ವಿಷಯ ಅಷ್ಟು ಸುಲಭದ್ದಲ್ಲ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಶಾಲೆಯಲ್ಲಿ ಈ ಸಿನಿಮಾ ಹಾಕಿದರು. ಹಾಕಿದವರು ಡಿವಿಡಿ ತುರುಕಿ ಹೊರಗೆ ಹೋದರು. ಮುಗಿದ ಮೇಲೆ ಲಾಂಗ್ ಬೆಲ್ ಹೊಡೆಯಿತು, ಎಲ್ಲರೂ ಮನೆಗೆ ಹೋದರು. ಮಾರನೇ ದಿನದಿಂದ ನಮ್ಮ ಕೇರಿಯ ಮೂರು ಹುಡುಗರಿಗೆ 'ಚೋಮ' ಅನ್ನುವ ಹೆಸರು ಬಿತ್ತು. ಅವರಲ್ಲಿ ಒಬ್ಬ ಆ ವರ್ಷವೇ ಶಾಲೆ ಬಿಟ್ಟ. ಸಿನಿಮಾ ನೋಡಿ ಬಿಟ್ಟ ಅಂತ ಹೇಳಲಾರೆ, ಬಿಡಲು ನಮ್ಮವರಿಗೆ ಕಾರಣಗಳ ಬರ ಇಲ್ಲ. ಆದರೆ ಅದೂ ಒಂದು ಕಾರಣವಾಗಿತ್ತು. ತಪ್ಪು ಸಿನಿಮಾದ್ದೆ? ಅಲ್ಲ. ಮುಗಿದ ಮೇಲಿನ ಮೌನದ್ದು.

'ನಮ್ಮ ಮಕ್ಕಳು ಅನುಭವಿಸಿದ್ದನ್ನೇ ಮತ್ತೆ ಪರದೆ ಮೇಲೆ ಯಾಕಪ್ಪ ತೋರಿಸ್ತೀರಿ?' ಅಂತ ನಮ್ಮ ತಾಯಂದಿರು ಕೇಳುತ್ತಾರೆ. ಇದನ್ನು ಅಜ್ಞಾನ ಅಂತ ತಳ್ಳಿಹಾಕುವ ಗೆಳೆಯರಿದ್ದಾರೆ. ನಾನು ಒಪ್ಪುವುದಿಲ್ಲ. ಬದುಕಿಗೆ ಸೆನ್ಸಾರ್ ಇಲ್ಲ, ಆದ್ದರಿಂದ ಸಿನಿಮಾಕ್ಕೂ ಬೇಡ ಅನ್ನುವುದು ವೇದಿಕೆಯ ಮೇಲೆ ಚಪ್ಪಾಳೆ ಗಿಟ್ಟಿಸುವ ಮಾತು. ಬಾಲಕ ಭೀಮರಾವ್ ಶಾಲೆಯಲ್ಲಿ ಗೋಣಿತಾಟಿನ ಮೇಲೆ ಬೇರೆ ಕೂತ. ನೀರು ಹೊಯ್ಯುವ ಜವಾನ ಬರದಿದ್ದರೆ ನೀರೇ ಇಲ್ಲದೆ ಇದ್ದ. ಅದು ಎಳೆಯ ಮಗುವಿಗೆ ಸಲ್ಲದ ಅನುಭವ. ಸಲ್ಲದು ಅಂತಲೇ ಅಲ್ಲವೆ ಅವರು ಬದುಕೆಲ್ಲ ಹೋರಾಡಿದ್ದು? ಅದನ್ನೇ ಸಿನಿಮಾ ಮಾಡಿ, ನೋವನ್ನು ಮಾತ್ರ ತೋರಿಸಿ ಮಗುವನ್ನು ಮನೆಗೆ ಕಳಿಸಿದರೆ ಗೋಣಿತಾಟನ್ನು ಇನ್ನೊಮ್ಮೆ ಹಾಸಿದ ಹಾಗೆ.

ಹಾಗಾದರೆ ಅಳತೆಗೋಲು ಯಾವುದು? ನಾಗರಾಜ ಮಂಜುಳೆಯವರ ಮರಾಠಿ ಸಿನಿಮಾ 'ಫಂಡ್ರಿ' (2013) ನೋಡಿದ ಮೇಲೆ ನನಗೆ ಅದು ಸ್ವಲ್ಪ ಹೊಳೆಯಿತು. ಜಬ್ಯಾ ಕೈಕಾಡಿ ಜಾತಿಯ ಹುಡುಗ. ಶಾಲೆಗೆ ಹೋಗುತ್ತಾನೆ, ಮೇಲ್ಜಾತಿಯ ಸಹಪಾಠಿ ಹುಡುಗಿಯನ್ನು ದೂರದಿಂದ ನೋಡುತ್ತಾನೆ, ಕಪ್ಪು ಹಕ್ಕಿಯೊಂದರ ಹಿಂದೆ ಅಲೆಯುತ್ತಾನೆ. ಊರಿನವರಿಗೆ ಹಂದಿ ಹಿಡಿದುಕೊಡುವುದು ಅವನ ಮನೆಯವರ ಪಾಡು. ಫಂಡ್ರಿ ಅಂದರೆ ಅವರ ಮಾತಿನಲ್ಲಿ ಹಂದಿ. ಮನೆಮಂದಿಯೆಲ್ಲ ಹಂದಿ ಅಟ್ಟುವಾಗ ಶಾಲೆಯಿಂದ ರಾಷ್ಟ್ರಗೀತೆ ಕೇಳುತ್ತದೆ. ಎಲ್ಲರೂ ಅಲ್ಲಲ್ಲೇ ನೆಟ್ಟಗೆ ನಿಲ್ಲುತ್ತಾರೆ. ಗೀತೆ ಮುಗಿಯುವುದರೊಳಗೆ ಹಂದಿ ಕೈತಪ್ಪುತ್ತದೆ. ಮೊದಲು ನಗು ಬರುತ್ತದೆ, ಆಮೇಲೆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಹಿಡಿದ ಹಂದಿಯನ್ನು ಹೊತ್ತು ಅವರು ಹೋಗುವ ಗೋಡೆಯ ಮೇಲೆ ಅಂಬೇಡ್ಕರ್, ಫುಲೆ ಚಿತ್ರಗಳಿವೆ. ಕೊನೆಗೆ ಜಬ್ಯಾ ಬೀಸಿದ ಕಲ್ಲು ನೇರ ಕ್ಯಾಮೆರಾಕ್ಕೆ ಬರುತ್ತದೆ. ಅಂದರೆ ನೋಡುತ್ತ ಕೂತ ನಮಗೆ.

ಚೋಮ ನೇಗಿಲು ಸುಟ್ಟು ದುಡಿ ಬಾರಿಸುತ್ತಾ ಸತ್ತ. ಜಬ್ಯಾ ಕಲ್ಲೆತ್ತಿದ. ಚೋಮನನ್ನು ನೋಡಿ ಮರುಕ ಪಡಬಹುದು, ಜಬ್ಯಾನ ಮುಂದೆ ಮರುಕ ನಡೆಯುವುದಿಲ್ಲ. ನನ್ನ ಅಳತೆಗೋಲು ಇದೇ. ಪರದೆಯ ಮೇಲಿನ ಕೇರಿಯ ಮಗು ಅಯ್ಯೋ ಪಾಪದ ವಸ್ತುವೋ, ಆಸೆ ರೋಷ ತಲೆಹರಟೆ ಎಲ್ಲ ಇರುವ ಮನುಷ್ಯನೋ? ಹಾಗಂತ ಏಳು ವರ್ಷದ ಕೂಸಿಗೆ 'ಫಂಡ್ರಿ' ತೋರಿಸಿ ಅಂತ ನಾನು ಹೇಳುತ್ತಿಲ್ಲ. ಆ ನಗು ಯಾಕೆ ಗಂಟಲಲ್ಲಿ ಸಿಕ್ಕಿಕೊಂಡಿತು ಅಂತ ತಿಳಿಯುವಷ್ಟು ವಯಸ್ಸು ಬೇಕು. ಹೈಸ್ಕೂಲಿನ ಮಕ್ಕಳಿಗೆ, ಮೇಷ್ಟ್ರು ಜೊತೆಗೆ ಕೂತು ತೋರಿಸಬೇಕಾದ ಸಿನಿಮಾ ಅದು.

ಚಿಕ್ಕ ಮಕ್ಕಳಿಗೆ ಅಂತ ಎಲ್ಲರೂ ಒಪ್ಪುವ ನಮ್ಮದೇ ಸಿನಿಮಾ 1985ರ 'ಬೆಟ್ಟದ ಹೂವು'. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನ. ಬಡವರ ಹುಡುಗ ರಾಮು ಕಾಡಿನ ಹೂ ತಂದು ಮಾರಿ ಕಾಸು ಕೂಡಿಡುತ್ತಾನೆ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ. ಕೊನೆಗೆ ಚಳಿಗೆ ನಡುಗುವ ಮನೆಯವರಿಗೆ ಕಂಬಳಿ ತರುತ್ತಾನೆ. ಪುಸ್ತಕಕ್ಕಾಗಿ ಹಸಿದ ಹುಡುಗನನ್ನು ತೋರಿಸಿದ್ದು ದೊಡ್ಡದು. ಮನೆಯಲ್ಲಿ ಮೊದಲ ಸಲ ಅಕ್ಷರ ಕಲಿತ ನನ್ನಂಥವರಿಗೆ ಆ ಹಸಿವು ಗೊತ್ತು. ಆದರೂ ಒಂದು ಮಾತು. ಪುಸ್ತಕವೋ ಕಂಬಳಿಯೋ ಅಂತ ಆರಿಸಬೇಕಾದ ಸ್ಥಿತಿ ಆ ಹುಡುಗನಿಗೆ ಬಂದದ್ದು ಹೇಗೆ ಅಂತ ಸಿನಿಮಾ ಕೇಳುವುದಿಲ್ಲ, ತ್ಯಾಗವನ್ನು ಮೆಚ್ಚಿ ಸುಮ್ಮನಾಗುತ್ತದೆ. ನಮ್ಮ ಕಥೆಗಳಲ್ಲಿ ತ್ಯಾಗ ಮಾಡುವ ಪಾಳಿ ಯಾವಾಗಲೂ ಬಡವರ ಮಕ್ಕಳದ್ದೇ. ತೋರಿಸಿ, ಖಂಡಿತ ತೋರಿಸಿ. ತೋರಿಸಿದ ಮೇಲೆ 'ಪುಸ್ತಕವೂ ಕಂಬಳಿಯೂ ಎರಡೂ ಯಾಕೆ ಸಿಗಬಾರದು?' ಅಂತ ಮಕ್ಕಳನ್ನೇ ಕೇಳಿ.

ಇನ್ನೂ ಎಳೆಯರಿಗೆ ಇರಾನಿನ ಮಜೀದ್ ಮಜೀದಿಯವರ 'ಚಿಲ್ಡ್ರನ್ ಆಫ್ ಹೆವನ್' (1997) ತೋರಿಸಬಹುದು. ಅಣ್ಣ ತಂಗಿಯ ಬೂಟು ಕಳೆದುಬಿಡುತ್ತಾನೆ. ಒಂದೇ ಜೊತೆ ಬೂಟನ್ನು ಇಬ್ಬರೂ ಹಂಚಿಕೊಂಡು ಶಾಲೆಗೆ ಓಡುತ್ತಾರೆ. ತಂಗಿ ತನ್ನ ಬೂಟನ್ನು ಇನ್ನೊಂದು ಹುಡುಗಿಯ ಕಾಲಲ್ಲಿ ನೋಡಿ ಅಣ್ಣನ ಜೊತೆ ಅವಳ ಮನೆ ತನಕ ಹೋಗುತ್ತಾಳೆ. ಆ ಹುಡುಗಿಯ ಅಪ್ಪ ಕುರುಡ. ಇಬ್ಬರೂ ಮಾತಾಡದೆ ವಾಪಸು ಬರುತ್ತಾರೆ. ಅಲ್ಲಿ ಬಡತನ ಇದೆ, ಬಡತನಕ್ಕೆ ನಾಚಿಕೆ ಇಲ್ಲ. ಯಾರೂ ಮೇಲಿನಿಂದ ಬಂದು ಉದ್ಧಾರ ಮಾಡುವುದಿಲ್ಲ. ಮಾತು ಪಾರ್ಸಿ ಅನ್ನಬೇಡಿ, ನಮ್ಮ ಮಕ್ಕಳಿಗೆ ಚಪ್ಪಲಿಯ ಕಥೆ ಅರ್ಥವಾಗಲು ಭಾಷೆ ಬೇಕಾಗಿಲ್ಲ. ತೊಡಕಾದ ಕಡೆ ಮೇಷ್ಟ್ರು ಎರಡು ಮಾತು ಹೇಳಿದರೆ ಸಾಕು.

ಮೇಷ್ಟ್ರೇ, ನಿಮ್ಮಲ್ಲಿ ನಾನು ಕೇಳುವುದು ದೊಡ್ಡದೇನಲ್ಲ. ಮಕ್ಕಳಿಗೆ ತೋರಿಸುವ ಮೊದಲು ಸಿನಿಮಾವನ್ನು ಒಮ್ಮೆ ಪೂರ್ತಿ ನೀವೇ ನೋಡಿ. ನೋಡುವಾಗ ರಕ್ತ ಎಷ್ಟು, ಮುತ್ತು ಎಷ್ಟು ಅಂತ ಮಾತ್ರ ಲೆಕ್ಕ ಹಾಕಬೇಡಿ. ಇದರಲ್ಲಿ ಜನ ಯಾರನ್ನು ನೋಡಿ ನಗುತ್ತಾರೆ? ಹೆಣ್ಣಿನ ಕೆನ್ನೆಗೆ ಬಿದ್ದ ಏಟಿಗೆ ಶಿಳ್ಳೆ ಬೀಳುತ್ತದೆಯೆ? ಕಪ್ಪು ಮೈಯವನು ಯಾವಾಗಲೂ ಕಳ್ಳನೆ, ಕುಡುಕನೆ, ಆಳೆ? ನಿಮ್ಮ ಕ್ಲಾಸಿನಲ್ಲಿ ಕೇರಿಯ ಮಕ್ಕಳು ಎಷ್ಟು ಜನ, ಎಲ್ಲಿ ಕೂತಿದ್ದಾರೆ? ಬೆಳಕು ಹಾಕಿದಾಗ ಅವರ ಮುಖ ಹೇಗಿರುತ್ತದೆ? ಇದಕ್ಕೆಲ್ಲ ಉತ್ತರ ಇಟ್ಟುಕೊಂಡು ಹಾಕಿ. ಮುಗಿದ ಮೇಲೆ ಬೆಲ್ ಹೊಡೆಸಬೇಡಿ, ಅರ್ಧ ಗಂಟೆ ಕೂರಿ. ಮೊದಲು ಮಕ್ಕಳು ಮಾತಾಡಲಿ. ಚೋಮ ಅಂತ ಒಬ್ಬ ಕಿಸಕ್ಕನೆ ನಕ್ಕರೆ ಆ ನಗುವನ್ನು ಅಲ್ಲೇ ಹಿಡಿದು ನಿಲ್ಲಿಸಿ, ಮಾರನೇ ದಿನಕ್ಕೆ ಬಿಡಬೇಡಿ. ಆ ಅರ್ಧ ಗಂಟೆ ಕೊಡಲು ಆಗದಿದ್ದರೆ ಸಿನಿಮಾ ಹಾಕಲೇಬೇಡಿ, ಮಕ್ಕಳನ್ನು ಆಟಕ್ಕೆ ಬಿಡಿ.

ಗೆಳೆಯರೆ, ಎಳೆಯ ಮನಸ್ಸು ಮೃದು ಅನ್ನುತ್ತಾರೆ. ಎಲ್ಲರ ಮನೆಯ ಎಳೆಯ ಮನಸ್ಸೂ ಮೃದುವೇ. ಕೇರಿಯ ಮಗುವಿನ ಮನಸ್ಸು ಮಾತ್ರ ಹುಟ್ಟಿನಿಂದ ಕಲ್ಲಾಗಿರುತ್ತದೆ ಅಂತ ತಿಳಿದವರು ಮಕ್ಕಳ ಸಿನಿಮಾದ ಪಟ್ಟಿ ಮಾಡುತ್ತಾ ಬಂದಿದ್ದಾರೆ. ಇನ್ನು ಮುಂದೆ ಪಟ್ಟಿ ಮಾಡುವ ಜಾಗದಲ್ಲಿ ನಾವೂ ಕೂರಬೇಕು.